ದೂರವಾಣಿಯ ಕಿವಿ, ಆಕಾಶವಾಣಿಯ ನುಡಿ

ಕನ್ನಡದ ‘ಕೇಳು’ ಎಂಬ ಧಾತುವಿಗೆ ಎರಡು ಅರ್ಥಗಳುಂಟು. ಕಿವಿಯಿಂದ ಆಲಿಸುವುದು ಒಂದು. ಬಾಯಿಂದ ಪ್ರಶ್ನಿಸುವುದು ಮತ್ತೊಂದು. ಸಂಸ್ಕೃತದಲ್ಲಿ ಶ್ರವಣಕ್ಕೆ ‘ಶ್ರು’ ಎಂದೂ ಪ್ರಶ್ನೆಗೆ ‘ಪ್ರಚ್ಛ್’ ಎಂದೂ ಬೇರೆ ಬೇರೆ ಧಾತುಗಳಿವೆ. ಕನ್ನಡವು ಈ ಎರಡು ಕ್ರಿಯೆಗಳನ್ನೂ ಒಂದೇ ಮಾತಿನಲ್ಲಿ ಅಡಕ ಮಾಡಿದೆ. ಆಧುನಿಕ ಯಂತ್ರಗಳಲ್ಲಿ ದೂರವಾಣಿಯು ಈ ಧಾತುವಿನ ಎರಡೂ ಅರ್ಥಗಳನ್ನು ನಡೆಸುತ್ತದೆ. ಅದರಲ್ಲಿ ಕೇಳುವ ಕಿವಿಯೂ ಉಂಟು, ಕೇಳುವ ಬಾಯಿಯೂ ಉಂಟು. ಆಕಾಶವಾಣಿಯಾದರೋ ಮೊದಲನೆಯ ಅರ್ಥಕ್ಕೆ ಮಾತ್ರ ಮೀಸಲು. ಆದುದರಿಂದ ದೂರವಾಣಿಯ ಶ್ರವಣಸಾಧನವನ್ನು ಕೈರೇಡಿಯೋಗೆ ಹೊಂದಿಸುವುದೆಂದರೆ, ಅದರ ಬಾಯಿಯನ್ನು ಬಿಟ್ಟು ಕಿವಿಯನ್ನು ಮಾತ್ರ ಉಪಯೋಗಿಸಿಕೊಳ್ಳುವುದು ಎಂದರ್ಥ. ಪ್ರಸ್ತುತ ಲೇಖನದ ತಾತ್ಪರ್ಯವೆಲ್ಲ ಈ ಒಂದು ವಾಕ್ಯದಲ್ಲಿಯೇ ಅಡಗಿದೆ. ಮುಂದಿನದು ಅದರ ವಿವರಣೆ.

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಭಾಗದ ಅನೇಕ ಮನೆಗಳಲ್ಲಿ ಒಂದು ಕಾಲಕ್ಕೆ ಪ್ರತಿಷ್ಠೆಯ ವಸ್ತುವಾಗಿದ್ದ ತಂತಿಯ ದೂರವಾಣಿ ಈಗ ಮಾಡದಲ್ಲಿ ಧೂಳು ಹಿಡಿದು ಕುಳಿತಿದೆ. ಕೈಫೋನುಗಳ ಜೊತೆಗೆ ಬಂದ ಕಿವಿತಂತಿಗಳು ಕಪಾಟಿನ ಮೂಲೆಯಲ್ಲಿ ಗಂಟುಗಂಟಾಗಿ ಬಿದ್ದಿವೆ. ಬೆಂಗಳೂರು, ಪುಣೆಯ ಕಚೇರಿಗಳಲ್ಲಿ ದುಡಿಯುವ ಹಳೆಯ ವಿದ್ಯಾರ್ಥಿಗಳ ಮೇಜಿನ ಮೇಲೆ, ತಲೆಗೆ ತೊಟ್ಟುಕೊಂಡು ಗಿರಾಕಿಗಳೊಡನೆ ಮಾತನಾಡುವ ಶ್ರವಣಸಾಧನಗಳು ಹಳತಾಗಿ ತ್ಯಾಜ್ಯವಾಗುತ್ತಿವೆ. ಇತ್ತ ಅದೇ ಊರಿನ ಪಡಸಾಲೆಯಲ್ಲಿ ಕಿವಿ ಮಂದವಾದ ಹಿರಿಯರೊಬ್ಬರು ಸಣ್ಣ ರೇಡಿಯೋ ಒಂದನ್ನು ಕಿವಿಗೊತ್ತಿಕೊಂಡು ಕುಳಿತಿರುತ್ತಾರೆ. ಅವರಿಗೆ ಕೇಳಬೇಕಾದರೆ ಧ್ವನಿಯನ್ನು ಏರಿಸಬೇಕು. ಏರಿಸಿದರೆ ಒಳಗೆ ಓದುತ್ತಿರುವ ಮೊಮ್ಮಕ್ಕಳಿಗೆ ತೊಂದರೆ. ಯಾರೋ ಬಂದು ಸದ್ದು ತಗ್ಗಿಸುತ್ತಾರೆ. ಹಿರಿಯರು ಮಾತಿಲ್ಲದೆ ರೇಡಿಯೋ ಆರಿಸಿ ಬದಿಗಿಡುತ್ತಾರೆ. ನಾಲ್ಕು ದಿನ ಹೀಗಾದರೆ ಐದನೆಯ ದಿನ ಅವರು ಅದನ್ನು ಕೈಗೆತ್ತಿಕೊಳ್ಳುವುದೇ ಇಲ್ಲ. ಒಂದು ಕಡೆ ಉಪಯೋಗವಿಲ್ಲದೆ ಬಿದ್ದಿರುವ ಕಿವಿಗಳು, ಇನ್ನೊಂದು ಕಡೆ ಕಿವಿಗಾಗಿ ಕಾದಿರುವ ನುಡಿ. ಇವೆರಡನ್ನೂ ಕೂಡಿಸುವ ಕೆಲಸ ಪ್ರೌಢಶಾಲೆಯ ವಿದ್ಯಾರ್ಥಿಗೂ ಸಾಧ್ಯವಾದದ್ದು. ಆದರೆ ತಿಳಿದು ಮಾಡಬೇಕು.

ಪೂರ್ವವೃತ್ತಾಂತ

ಈ ಜೋಡಣೆಯನ್ನು ಹೊಸ ಸಾಹಸವೆಂದು ತಿಳಿಯಬೇಕಾಗಿಲ್ಲ. ರೇಡಿಯೋ ಹುಟ್ಟಿದಾಗ ಅದಕ್ಕೆ ಸ್ವಂತ ಕಿವಿ ಇರಲಿಲ್ಲ. ದೂರವಾಣಿಯಿಂದಲೇ ಅದು ಕಿವಿಯನ್ನು ಕಡ ಪಡೆಯಿತು. 1876ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ದೂರವಾಣಿಗೆ ಪೇಟೆಂಟ್ ಪಡೆದನು. ಮುಂದೆ ವಿನಿಮಯ ಕೇಂದ್ರಗಳಲ್ಲಿ ತಂತಿಗಳನ್ನು ಕೂಡಿಸುವ ಸಿಬ್ಬಂದಿಗೆ ಎರಡೂ ಕೈಗಳು ಬಿಡುವಾಗಿರಬೇಕಾದುದರಿಂದ ತಲೆಗೆ ತೊಡುವ ಶ್ರವಣಸಾಧನ ರೂಢಿಗೆ ಬಂದಿತು. 1910ರ ಸುಮಾರಿಗೆ ಅಮೆರಿಕೆಯ ಯೂಟಾ ಪ್ರಾಂತದ ನಥಾನಿಯೆಲ್ ಬಾಲ್ಡ್‌ವಿನ್ ಎಂಬವನು ತನ್ನ ಮನೆಯ ಅಡುಗೆಯ ಕೋಣೆಯಲ್ಲಿ ಎರಡು ಕಿವಿಗಳ ಸೂಕ್ಷ್ಮ ಶ್ರವಣಸಾಧನಗಳನ್ನು ರಚಿಸಿ ಆ ದೇಶದ ನೌಕಾದಳಕ್ಕೆ ಒದಗಿಸಿದನು. ನಿಸ್ತಂತು ಸಂದೇಶಗಳನ್ನು ಆಲಿಸುವುದಕ್ಕೆ ನಾವಿಕರು ಅವನ್ನೇ ಬಳಸಿದರು.

ತರಂಗಗಳನ್ನು ಗುರುತಿಸುವ ಸ್ಫಟಿಕದ ವಿಷಯದಲ್ಲಿ ಭಾರತೀಯರು ಹೆಮ್ಮೆಪಡತಕ್ಕದ್ದುಂಟು. ಜಗದೀಶಚಂದ್ರ ಬೋಸರು ಗೆಲೀನಾ ಎಂಬ ಸೀಸದ ಅದಿರಿನ ಹರಳಿನಿಂದ ರಚಿಸಿದ ತರಂಗಗ್ರಾಹಿಗೆ 1904ರಲ್ಲಿ ಅಮೆರಿಕೆಯ ಪೇಟೆಂಟ್ ದೊರೆಯಿತು. ಅನಂತರದ ವರ್ಷಗಳಲ್ಲಿ ಇಂಥ ಹರಳಿನ ರೇಡಿಯೋಗಳು ಲೋಕದಲ್ಲೆಲ್ಲ ಪ್ರಚಾರಕ್ಕೆ ಬಂದವು. ಅವುಗಳಿಗೆ ವಿದ್ಯುತ್ ಕೋಶ ಬೇಕಿರಲಿಲ್ಲ. ಆಕಾಶದಿಂದ ಬಂದ ಅಲ್ಪ ಶಕ್ತಿಯೇ ದೂರವಾಣಿಯ ಕಿವಿಯನ್ನು ನುಡಿಸುತ್ತಿತ್ತು. 1927ರ ಜುಲೈ 23ರಂದು ಮುಂಬಯಿಯ ಪ್ರಸಾರ ಕೇಂದ್ರವು ಆರಂಭವಾದಾಗ ಹರಳಿನ ರೇಡಿಯೋಗೆ ಕಿವಿಗೊಟ್ಟು ಕುಳಿತವರೂ ಶ್ರೋತೃಗಳಲ್ಲಿದ್ದರು.

ಕನ್ನಡನಾಡಿನಲ್ಲಿ 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಸಾರ್ಥಕ ನಾಮವು ಆ ಕೇಂದ್ರಕ್ಕೆ ಸಂದು, ಕಾಲಾಂತರದಲ್ಲಿ ದೇಶದ ಪ್ರಸಾರ ಸಂಸ್ಥೆಗೇ ಹೆಸರಾಯಿತು. ಕಿತ್ತೂರು ಸೀಮೆಗೆ ಹತ್ತಿರದ ಧಾರವಾಡ ಕೇಂದ್ರವು 1950ರ ಜನವರಿ 8ರಂದು ಪ್ರಾರಂಭವಾಯಿತು. ಅಂಚೆ ಕಚೇರಿಯಲ್ಲಿ ಲೈಸೆನ್ಸು ಪಡೆದು ರೇಡಿಯೋ ಇಟ್ಟುಕೊಳ್ಳುತ್ತಿದ್ದ ಆ ಕಾಲದಲ್ಲಿ ಊರಿಗೆ ಒಂದೋ ಎರಡೋ ಪೆಟ್ಟಿಗೆಗಳು. 1947ರಲ್ಲಿ ಟ್ರಾನ್ಸಿಸ್ಟರು ಹುಟ್ಟಿ, 1954ರಲ್ಲಿ ಅಮೆರಿಕೆಯಲ್ಲಿ ಜೇಬಿನ ರೇಡಿಯೋ ಮಾರಾಟಕ್ಕೆ ಬಂದ ಮೇಲೆ, ಕ್ರಮೇಣ ಅದು ಹೊಲದ ಬದುವಿನವರೆಗೂ ಬಂದಿತು. ಗಟ್ಟಿಯಾಗಿ ನುಡಿಯುವ ಸ್ಪೀಕರು ಒಳಗೇ ಇದ್ದುದರಿಂದ ದೂರವಾಣಿಯ ಕಿವಿಯನ್ನು ಜನ ಮರೆತರು. ಆದರೂ ರೇಡಿಯೋದ ಪಕ್ಕದಲ್ಲಿ ಒಂದು ಸಣ್ಣ ರಂಧ್ರವನ್ನು ತಯಾರಕರು ಉಳಿಸಿಕೊಂಡು ಬಂದರು. ಹಳೆಯ ನೆಂಟಸ್ತಿಕೆಗೆ ಆ ರಂಧ್ರವೇ ಬಾಗಿಲು.

ಕಿವಿಯ ರಚನೆ

ತಂತಿಯ ದೂರವಾಣಿಯ ಕೈಹಿಡಿಯನ್ನು ಬಿಚ್ಚಿದರೆ ಕಿವಿಯ ಕಡೆ ಒಂದು ಗುಂಡಗಿನ ಬಿಲ್ಲೆ ಕಾಣುತ್ತದೆ. ಅದರೊಳಗೆ ಸ್ಥಿರವಾದ ಅಯಸ್ಕಾಂತ, ಅದರ ಬಳಿ ಸಣ್ಣ ತಾಮ್ರದ ತಂತಿಯ ಸುರುಳಿ, ಎದುರಿಗೆ ತೆಳುವಾದ ಪೊರೆ. ಸುರುಳಿಯಲ್ಲಿ ವಿದ್ಯುತ್ತು ಏರಿಳಿದಂತೆಲ್ಲ ಕಾಂತದ ಸೆಳೆತವು ಹೆಚ್ಚು ಕಡಿಮೆಯಾಗಿ ಪೊರೆ ನಡುಗುತ್ತದೆ. ಪೊರೆಯ ನಡುಕವೇ ಗಾಳಿಗೆ ಸಂದು ಶಬ್ದವಾಗುತ್ತದೆ. ನಾಭಿಮೂಲದಿಂದ ಹೊರಟ ವಾಯುವು ಕಹಳೆಯ ರೀತಿಯಲ್ಲಿ ಶಬ್ದವಾಗುವುದನ್ನು ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದ ಆರಂಭದಲ್ಲಿ ನಿರೂಪಿಸಿದ್ದಾನೆ. ಮನುಷ್ಯನಲ್ಲಿ ಉಸಿರು ಮಾಡುವ ಕೆಲಸವನ್ನು ಇಲ್ಲಿ ವಿದ್ಯುತ್ ಪ್ರವಾಹವು ಮಾಡುತ್ತದೆ.

ಪ್ರತಿಯೊಂದು ಸುರುಳಿಯೂ ಪ್ರವಾಹಕ್ಕೆ ಇಷ್ಟೆಂದು ತಡೆ ಒಡ್ಡುತ್ತದೆ. ಈ ತಡೆಯ ಅಳತೆ ಓಮ್. ಕೈರೇಡಿಯೋದ ಸ್ಪೀಕರಿನ ತಡೆ ಸಾಮಾನ್ಯವಾಗಿ 8 ಓಮ್. ಕೈಫೋನಿನ ಕಿವಿತಂತಿಯದು 32 ಓಮ್‌ನ ಆಸುಪಾಸು. ಹಳೆಯ ದೂರವಾಣಿಯ ಬಿಲ್ಲೆಯದು ನೂರೈವತ್ತು ಇನ್ನೂರು ಓಮ್, ಕೆಲವೊಮ್ಮೆ ಅದಕ್ಕೂ ಹೆಚ್ಚು. ರೇಡಿಯೋ 0.4 ವೋಲ್ಟಿನ ಧ್ವನಿಸಂಕೇತವನ್ನು ಹೊರಗೆ ಕೊಡುತ್ತಿದೆಯೆಂದು ಭಾವಿಸೋಣ. ವೋಲ್ಟಿನ ವರ್ಗವನ್ನು ತಡೆಯಿಂದ ಭಾಗಿಸಿದರೆ ಶಕ್ತಿಯ ಪ್ರಮಾಣ ದೊರೆಯುತ್ತದೆ. ಅದರಂತೆ 8 ಓಮಿನ ಸ್ಪೀಕರಿಗೆ 20 ಮಿಲಿವ್ಯಾಟ್, 32 ಓಮಿನ ಕಿವಿತಂತಿಗೆ 5 ಮಿಲಿವ್ಯಾಟ್, 200 ಓಮಿನ ಬಿಲ್ಲೆಗೆ 0.8 ಮಿಲಿವ್ಯಾಟ್ ಸಲ್ಲುತ್ತದೆ. ಕೊನೆಯದು ಅತ್ಯಲ್ಪವೆಂದು ತೋರಬಹುದು. ಆದರೆ ಕೋಣೆಯನ್ನೆಲ್ಲ ತುಂಬಬೇಕಾದ ಶಬ್ದ ಬೇರೆ, ಕಿವಿಯ ಕುಳಿಯೊಂದನ್ನು ತುಂಬಬೇಕಾದ ಶಬ್ದ ಬೇರೆ. ಕಿವಿಗೆ ಒತ್ತಿಕೊಂಡಾಗ ಒಂದು ಮಿಲಿವ್ಯಾಟಿಗೂ ಕಡಿಮೆ ಶಕ್ತಿಯೇ ಧಾರಾಳವಾಗಿ ಸಾಕು. ಹೀಗಾಗಿ ದೂರವಾಣಿಯ ಕಿವಿಯಿಂದ ರೇಡಿಯೋಗೆ ಯಾವ ಹಾನಿಯೂ ಇಲ್ಲ. ಸೆಲ್ಲುಗಳೂ ಹೆಚ್ಚು ದಿನ ಬಾಳುತ್ತವೆ.

ಇಲ್ಲಿ ಇನ್ನೊಂದು ಸ್ವಾರಸ್ಯವುಂಟು. ದೂರವಾಣಿಯ ಜಾಲವು ಸೆಕೆಂಡಿಗೆ ಸುಮಾರು 300ರಿಂದ 3400 ಕಂಪನಗಳ ಶಬ್ದವನ್ನು ಮಾತ್ರ ಸಾಗಿಸುತ್ತದೆ. ಮನುಷ್ಯನ ಮಾತು ಸ್ಪಷ್ಟವಾಗಿ ತಿಳಿಯುವುದಕ್ಕೆ ಅಷ್ಟು ಸಾಕೆಂದು ಅದರ ನಿರ್ಮಾತೃಗಳು ನಿಶ್ಚಯಿಸಿದರು. ಕಿವಿಯ ಬಿಲ್ಲೆಯನ್ನೂ ಅದಕ್ಕೆ ತಕ್ಕಂತೆಯೇ ರಚಿಸಿದರು. ಮಧ್ಯಮ ತರಂಗದ ಪ್ರಸಾರದಲ್ಲಿ ಒಂದು ನಿಲ್ದಾಣಕ್ಕೂ ಮತ್ತೊಂದಕ್ಕೂ 9 ಕಿಲೋಹರ್ಟ್ಜ್ ಅಂತರವಿರುವುದರಿಂದ ಅದರ ಶಬ್ದವೂ ಸುಮಾರು ನಾಲ್ಕೂವರೆ ಸಾವಿರ ಕಂಪನಗಳಿಂದಾಚೆಗೆ ಹೆಚ್ಚು ಹೋಗುವುದಿಲ್ಲ. ಆದುದರಿಂದ ವಾರ್ತೆ, ಕೃಷಿಯ ಮಾತು, ಪ್ರವಚನ, ನಾಟಕ ಮೊದಲಾದವು ದೂರವಾಣಿಯ ಕಿವಿಯಲ್ಲಿ ಸ್ಪೀಕರಿಗಿಂತಲೂ ಸ್ಪಷ್ಟವಾಗಿ ಕೇಳಿಸುತ್ತವೆ.

ಸಂಗೀತದ ಮಾತು ಬೇರೆ. ತಂಬೂರಿಯ ಖರಜದ ಗುಂಗು, ಡಗ್ಗೆಯ ಗಂಭೀರ ನಾದ ಈ ಕಿವಿಯಲ್ಲಿ ಕೃಶವಾಗುತ್ತವೆ. ಧಾರವಾಡ ಕೇಂದ್ರದ ಸಂಗೀತ ಸಲಹೆಗಾರರೂ ಆಗಿದ್ದ ಪಂಡಿತ ಮಲ್ಲಿಕಾರ್ಜುನ ಮನಸೂರರ ವಚನಗಾಯನವನ್ನು ಇದರಲ್ಲಿ ಆಲಿಸಿದರೆ ಸಾಹಿತ್ಯದ ಅಕ್ಷರ ಅಕ್ಷರವೂ ಬಿಡಿಸಿಟ್ಟಂತೆ ಕೇಳೀತು. ಕಂಠದ ತುಂಬುತನ ಮಾತ್ರ ಕೊಂಚ ಕಡಿಮೆಯೆನಿಸೀತು. ಸಂಗೀತರಸಿಕರು ಸಂಗೀತಕ್ಕೆಂದೇ ಮಾಡಿದ ಶ್ರವಣಸಾಧನವನ್ನು ಬಳಸುವುದು ಲೇಸು.

ಜೋಡಿಸುವ ಕ್ರಮ

ಬೇಕಾದ ಸಾಮಗ್ರಿ ಸ್ವಲ್ಪವೇ: ಬಳಕೆ ತಪ್ಪಿದ ದೂರವಾಣಿಯ ಶ್ರವಣಸಾಧನ, ಮೂರೂವರೆ ಮಿಲಿಮೀಟರಿನ ಒಂದು ಪಿನ್ನು, ಬೆಸುಗೆಯ ಕಡ್ಡಿ, ರಾಳ ಸೇರಿದ ಬೆಸುಗೆಯ ತಂತಿ, ಇನ್ಸುಲೇಷನ್ ಟೇಪು ಮತ್ತು ಪರೀಕ್ಷೆಗೆ ಒಂದೂವರೆ ವೋಲ್ಟಿನ ಒಂದು ಸೆಲ್ಲು.

ಮೊದಲು ಸಾಧನವನ್ನು ದೂರವಾಣಿಯಿಂದ ಪೂರ್ತಿಯಾಗಿ ಬಿಡಿಸಿಕೊಳ್ಳಬೇಕು. ಅದರ ತಂತಿಯಲ್ಲಿ ಸಾಮಾನ್ಯವಾಗಿ ನಾಲ್ಕು ಎಳೆಗಳಿರುತ್ತವೆ. ಎರಡು ಕಿವಿಗೆ ಸೇರಿದವು, ಎರಡು ಬಾಯಿಗೆ, ಎಂದರೆ ಮೈಕಿಗೆ, ಸೇರಿದವು. ಸಾಧಾರಣ ಕೈಹಿಡಿಯ ಚೌಕ ಬಿರಡೆಯಲ್ಲಿ ನಡುವಿನ ಎರಡು ಕಿವಿಗೂ ಅಂಚಿನ ಎರಡು ಮೈಕಿಗೂ ಇರುವುದು ವಾಡಿಕೆ. ಆದರೆ ಕಚೇರಿಯ ಸಾಧನಗಳಲ್ಲಿ ಈ ಕ್ರಮವು ತಯಾರಕರಿಗೆ ತಕ್ಕಂತೆ ಬದಲಾಗುವುದರಿಂದ ಬಣ್ಣವನ್ನಾಗಲಿ ಸ್ಥಾನವನ್ನಾಗಲಿ ನಂಬದೆ ಪರೀಕ್ಷಿಸಿಯೇ ತಿಳಿಯಬೇಕು.

ಪರೀಕ್ಷೆ ಸುಲಭ. ಎರಡೆರಡು ಎಳೆಗಳನ್ನು ಆರಿಸಿ ಸೆಲ್ಲಿನ ಎರಡು ತುದಿಗಳಿಗೆ ಕ್ಷಣಮಾತ್ರ ಮುಟ್ಟಿಸಬೇಕು. ಕಿವಿಯ ಜೋಡಿಯಾದರೆ ಮುಟ್ಟಿಸಿದಾಗಲೂ ಬಿಡಿಸಿದಾಗಲೂ ‘ಟಕ್’ ಎಂಬ ಸದ್ದು ಕೇಳುತ್ತದೆ. ಈ ಪರೀಕ್ಷೆಯನ್ನು ಮಾಡುವಾಗ ಸಾಧನವು ಕಿವಿಗೆ ಅಂಟಿಕೊಂಡಿರಬಾರದು. ಒಂದು ಗೇಣು ದೂರದಲ್ಲಿದ್ದರೂ ಸದ್ದು ಕೇಳಿಸುತ್ತದೆ. ಮೈಕಿನ ಜೋಡಿಯಲ್ಲಿ ಈ ಸದ್ದು ಬಾರದು. ಹೀಗೆ ಕಿವಿ ಯಾವುದು, ಬಾಯಿ ಯಾವುದು ಎಂಬುದು ನಿಶ್ಚಯವಾದ ಮೇಲೆ ಬಾಯಿಯ ಎರಡು ಎಳೆಗಳಿಗೂ ಬೇರೆ ಬೇರೆ ಟೇಪು ಸುತ್ತಿ ಬದಿಗಿಡಬೇಕು.

ಕಿವಿಯ ಎಳೆಗಳಲ್ಲಿ ಒಂದನ್ನು ಪಿನ್ನಿನ ತುದಿಗೆ ಸೇರಿದ ಕೊಂಡಿಗೂ ಮತ್ತೊಂದನ್ನು ಪಿನ್ನಿನ ಬುಡಕ್ಕೆ ಸೇರಿದ ಕೊಂಡಿಗೂ ಬೆಸೆಯಬೇಕು. ಒಂದೇ ಕಿವಿಯ ಸಾಧನದಲ್ಲಿ ಯಾವುದು ಎಲ್ಲಿಗೆ ಎಂಬ ಭೇದವಿಲ್ಲ. ಎರಡು ಕಿವಿಗಳಿದ್ದರೆ ಎರಡಕ್ಕೂ ಒಂದೇ ಕ್ರಮವಿರಬೇಕು. ಇಲ್ಲವಾದರೆ ಒಂದು ಪೊರೆ ಮುಂದೆ ಬರುವಾಗ ಇನ್ನೊಂದು ಹಿಂದೆ ಸರಿದು ಧ್ವನಿಯು ನೆಲೆ ತಪ್ಪಿದಂತೆ ಭಾಸವಾಗುತ್ತದೆ. ದೂರವಾಣಿಯ ತಂತಿಯ ಎಳೆಗಳು ಸಾದಾ ವಾಯರಿನಂತಲ್ಲ. ಬಾಗಿದರೂ ತುಂಡಾಗದಿರಲೆಂದು ನೂಲಿನ ಮೇಲೆ ತಾಮ್ರದ ತೆಳು ಪಟ್ಟಿಯನ್ನು ಜರಿಯಂತೆ ಸುತ್ತಿರುತ್ತಾರೆ. ಕೈಫೋನಿನ ಎಳೆಗಳ ಮೇಲೆ ಬಣ್ಣದ ಮೆರುಗಿರುತ್ತದೆ. ಜರಿಯ ಎಳೆಗೆ ಬೆಸುಗೆ ಸುಲಭವಾಗಿ ಹಿಡಿಯದಿದ್ದರೆ ಅದರ ಮೇಲೆ ತೆಳುವಾದ ತಾಮ್ರದ ತಂತಿಯನ್ನು ಬಿಗಿಯಾಗಿ ಸುತ್ತಿ ಬೆಸೆಯಬೇಕು. ಮೆರುಗಿನ ಎಳೆಯಾದರೆ ಮೆರುಗನ್ನು ಕೆರೆದು ಇಲ್ಲವೆ ಕಾಯಿಸಿ ತೆಗೆದ ಮೇಲೆಯೇ ಬೆಸುಗೆ ಕೂಡುತ್ತದೆ.

32 ಓಮಿನ ಸೂಕ್ಷ್ಮ ಕಿವಿಯಾದರೆ ಪಿನ್ನಿನ ತುದಿಗೂ ಎಳೆಗೂ ನಡುವೆ 100 ಓಮಿನ ಒಂದು ರೆಸಿಸ್ಟರನ್ನು ಸೇರಿಸುವುದು ವಿವೇಕ. ಮೇಲೆ ಹೇಳಿದ 0.4 ವೋಲ್ಟಿನ ಸಂಕೇತದಲ್ಲಿ ಆಗ ಕಿವಿಗೆ ತಲುಪುವ ಶಕ್ತಿ 5 ಮಿಲಿವ್ಯಾಟಿನಿಂದ ಸುಮಾರು 0.3 ಮಿಲಿವ್ಯಾಟಿಗೆ ಇಳಿಯುತ್ತದೆ. ಅಪ್ಪಿತಪ್ಪಿ ಧ್ವನಿಯ ಗುಂಡಿಯನ್ನು ಪೂರ್ತಿ ತಿರುಗಿಸಿದರೂ ಕಿವಿಗೆ ಬಡಿಯುವ ಆಘಾತವು ಬಹುಮಟ್ಟಿಗೆ ಕಡಿಮೆಯಾಗುತ್ತದೆ.

ಕೈಫೋನಿನ ಕಿವಿತಂತಿಯನ್ನು ನೇರವಾಗಿ ರೇಡಿಯೋಗೆ ಸಿಕ್ಕಿಸಿದವರು ಒಂದು ವಿಚಿತ್ರವನ್ನು ಗಮನಿಸಿರಬಹುದು. ಕೆಲವು ರೇಡಿಯೋಗಳಲ್ಲಿ ಧ್ವನಿಯು ಬಾವಿಯೊಳಗಿನಿಂದ ಬಂದಂತೆ ಕ್ಷೀಣವಾಗಿ ಕೇಳುತ್ತದೆ. ಮೈಕಿನ ಬಳಿಯ ಗುಂಡಿಯನ್ನು ಒತ್ತಿ ಹಿಡಿದರೆ ಮಾತ್ರ ಸರಿಯಾಗುತ್ತದೆ. ಸಾಧನವೇ ಕೆಟ್ಟಿತೆಂದು ಎಸೆದವರೂ ಉಂಟು. ಅದು ಕೆಟ್ಟಿರುವುದಿಲ್ಲ. ಆ ಪಿನ್ನಿನಲ್ಲಿ ಮೂರು ಕಪ್ಪು ಅಥವಾ ಬಿಳಿ ಉಂಗುರಗಳಿಂದ ಬೇರ್ಪಟ್ಟ ನಾಲ್ಕು ಭಾಗಗಳಿರುತ್ತವೆ: ಎಡಗಿವಿ, ಬಲಗಿವಿ, ಎರಡಕ್ಕೂ ಸಮಾನವಾದ ಮರಳುದಾರಿ, ಕೊನೆಗೆ ಮೈಕು. ಈಚಿನ ಸಾಧನಗಳಲ್ಲಿ ಹೆಚ್ಚಿನವು ಇದೇ ಕ್ರಮದವು. ರೇಡಿಯೋದ ರಂಧ್ರವು ಬುಡದ ಭಾಗವನ್ನೇ ಮರಳುದಾರಿಯೆಂದು ಭಾವಿಸಿ ಮೈಕನ್ನು ಮುಟ್ಟುತ್ತದೆ. ಪ್ರವಾಹವು ಮೈಕಿನ ಇಕ್ಕಟ್ಟಿನ ಮೂಲಕ ಹಾಯಬೇಕಾಗುತ್ತದೆ. ಗುಂಡಿಯನ್ನು ಒತ್ತಿದಾಗ ಮೈಕೂ ಮರಳುದಾರಿಯೂ ಒಂದಾಗಿ ಹಾದಿ ಸುಗಮವಾಗುತ್ತದೆ. ಇಲ್ಲಿಯೂ ಪರಿಹಾರವು ಮೊದಲಿನದೇ: ಬಾಯಿಯನ್ನು ಬಿಡಿಸಿ ಕಿವಿಯನ್ನು ಉಳಿಸಿಕೊಳ್ಳುವುದು. ಹಳೆಯ ಪಿನ್ನನ್ನು ಕತ್ತರಿಸಿ, ಎಡ ಬಲ ಎಳೆಗಳೆರಡನ್ನೂ ಒಟ್ಟಿಗೆ ಹೊಸ ಪಿನ್ನಿನ ತುದಿಗೂ ಮರಳುದಾರಿಯ ಎಳೆಯನ್ನು ಬುಡಕ್ಕೂ ಬೆಸೆದರೆ ಒಂದೇ ಧ್ವನಿಮಾರ್ಗದ ರೇಡಿಯೋದಲ್ಲಿಯೂ ಎರಡೂ ಕಿವಿಗಳು ನುಡಿಯುತ್ತವೆ.

ಎಚ್ಚರಿಕೆಗಳು

ಈ ಕೆಲಸದಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಒಂದು ನಿಯಮವುಂಟು. ಸೆಲ್ಲಿನಿಂದ ನಡೆಯುವ ರೇಡಿಯೋಗೆ ಮಾತ್ರ ಇಂಥ ಸಾಧನವನ್ನು ಹೊಂದಿಸಬೇಕು. ಮನೆಯ ವಿದ್ಯುತ್ತಿಗೆ ಜೋಡಿಸಿದ ಹಳೆಯ ವಾಲ್ವಿನ ರೇಡಿಯೋಗಳಲ್ಲಿ ಕೆಲವುಗಳ ಲೋಹದ ಮೈಯೇ 230 ವೋಲ್ಟಿಗೆ ನೇರವಾಗಿ ಸೇರಿರುತ್ತದೆ. ಅದಕ್ಕೆ ಕೂಡಿಸಿದ ಸಾಧನವನ್ನು ತಲೆಗೆ ತೊಡುವುದು ಮೃತ್ಯುವನ್ನು ತೊಡುವುದಕ್ಕೆ ಸಮಾನ. ಗೋಡೆಯ ಪ್ಲಗ್ಗಿನಿಂದ ಚಾರ್ಜು ಆಗುತ್ತಿರುವ ರೇಡಿಯೋವನ್ನೂ ಬಿಡಿಸಿದ ಮೇಲೆಯೇ ಕಿವಿಗೆ ಹಚ್ಚಬೇಕು. ಚಾಲ್ತಿಯಲ್ಲಿರುವ ದೂರವಾಣಿಯ ತಂತಿಗೆ ಈ ಪರೀಕ್ಷೆಗಳು ಸಲ್ಲವು. ಅದರಲ್ಲಿ 48 ವೋಲ್ಟು ಸದಾ ಇದ್ದು, ಗಂಟೆ ಬಾರಿಸುವಾಗ ಅದಕ್ಕೂ ಹೆಚ್ಚಿನ ವೋಲ್ಟೇಜು ಬರುತ್ತದೆ.

ಎರಡನೆಯ ಎಚ್ಚರಿಕೆ ಶ್ರವಣೇಂದ್ರಿಯದ್ದು. ವಿಶ್ವ ಆರೋಗ್ಯ ಸಂಸ್ಥೆಯು ಇಂಥ ಸಾಧನಗಳಿಗೆ ಗೊತ್ತುಪಡಿಸಿದ ಮಿತಿ ವಯಸ್ಕರಿಗೆ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಮಕ್ಕಳಿಗೆ ಅಷ್ಟೇ ಗಂಟೆ, 75 ಡೆಸಿಬೆಲ್. ಮಗ್ಗದ ಸದ್ದಿನಲ್ಲಿ ದುಡಿಯುವ ರಾಮದುರ್ಗದ ನೇಕಾರರು ಆ ಸದ್ದನ್ನು ಮೀರಿಸಲೆಂದು ಧ್ವನಿಯನ್ನು ಏರಿಸಿದರೆ ಇದ್ದ ಶ್ರವಣಶಕ್ತಿಯೂ ಕುಗ್ಗುತ್ತದೆ. ಕಳೆದುಹೋದ ಶ್ರವಣಶಕ್ತಿ ಮರಳಿ ಬಾರದು. ಹೆದ್ದಾರಿಯ ಬದಿಗೆ ನಡೆಯುವಾಗ, ಟ್ರ್ಯಾಕ್ಟರು ಓಡಿಸುವಾಗ, ದನಕರುಗಳ ನಡುವೆ ಇರುವಾಗ ಎರಡೂ ಕಿವಿಗಳನ್ನು ಮುಚ್ಚಬಾರದು. ದೂರವಾಣಿಯ ಒಂದೇ ಕಿವಿಯ ಸಾಧನಕ್ಕೆ ಇದೊಂದು ಹೆಚ್ಚುಗಾರಿಕೆ; ಇನ್ನೊಂದು ಕಿವಿ ಲೋಕಕ್ಕೆ ತೆರೆದೇ ಇರುತ್ತದೆ. ಒಬ್ಬರು ಬಳಸಿದ್ದನ್ನು ಇನ್ನೊಬ್ಬರಿಗೆ ಕೊಡುವಾಗ ಕಿವಿಯ ಮೆತ್ತೆಯನ್ನು ಬದಲಿಸಬೇಕು, ಇಲ್ಲವೆ ಚೆನ್ನಾಗಿ ಒರೆಸಿ ಶುಚಿಗೊಳಿಸಬೇಕು.

ಮೂರನೆಯದಾಗಿ, ಇದು ಕಿವುಡಿಗೆ ಔಷಧವಲ್ಲ. ವೈದ್ಯರು ಪರೀಕ್ಷಿಸಿ ಕೊಡುವ ಶ್ರವಣಯಂತ್ರಕ್ಕೆ ಬದಲಿಯೂ ಅಲ್ಲ. ಕೋಣೆಯ ಪ್ರತಿಧ್ವನಿಯನ್ನೂ ಹೊರಗಿನ ಗದ್ದಲವನ್ನೂ ದಾಟಿಸಿ ಮಾತನ್ನು ಕಿವಿಯ ಬಾಗಿಲಿಗೆ ತಂದು ನಿಲ್ಲಿಸುವುದು ಮಾತ್ರ ಇದರ ಕೆಲಸ. ಅಲ್ಪಸ್ವಲ್ಪ ಮಂದವಾದ ಕಿವಿಗೆ ಅಷ್ಟೇ ದೊಡ್ಡ ಉಪಕಾರ.

ರೇಡಿಯೋ ಇಡುವ ದಿಕ್ಕು

ಮಧ್ಯಮ ತರಂಗವನ್ನು ಹಿಡಿಯುವುದು ರೇಡಿಯೋದೊಳಗೆ ಉದ್ದಕ್ಕೆ ಮಲಗಿರುವ ಫೆರೈಟ್ ಎಂಬ ಕಪ್ಪು ಕೋಲು. ಅದರ ಪಕ್ಕವು ನಿಲ್ದಾಣದ ಕಡೆಗಿದ್ದರೆ ಧ್ವನಿ ಪ್ರಬಲ. ತುದಿಯು ನಿಲ್ದಾಣವನ್ನು ನೋಡಿದರೆ ದುರ್ಬಲ. ಧಾರವಾಡ ಕೇಂದ್ರದ 765 ಕಿಲೋಹರ್ಟ್ಜ್ ಮಧ್ಯಮ ತರಂಗದ ಉದ್ದ ಸುಮಾರು 392 ಮೀಟರು. ಆ ಊರು ಕಿತ್ತೂರಿಗೆ ಆಗ್ನೇಯದಲ್ಲಿಯೂ, ಬೈಲಹೊಂಗಲಕ್ಕೆ ತುಸು ಮೂಡಣಕ್ಕೆ ವಾಲಿದ ತೆಂಕಣದಲ್ಲಿಯೂ, ಸವದತ್ತಿಗೆ ತುಸು ಪಡುವಣಕ್ಕೆ ವಾಲಿದ ತೆಂಕಣದಲ್ಲಿಯೂ, ರಾಮದುರ್ಗಕ್ಕೆ ನೈರುತ್ಯದತ್ತಲೂ ಇದೆ. ರೇಡಿಯೋದ ಅಗಲವಾದ ಮುಖವನ್ನು ಆಯಾ ದಿಕ್ಕಿಗೆ ತಿರುಗಿಸಿ ನೋಡಿದರೆ ಧ್ವನಿಯ ಗುಂಡಿಯನ್ನು ಮುಟ್ಟದೆಯೇ ಸ್ಪಷ್ಟತೆ ಹೆಚ್ಚುವುದನ್ನು ಅನುಭವದಿಂದ ತಿಳಿಯಬಹುದು. ಎಫ್.ಎಂ. ಪ್ರಸಾರಕ್ಕೆ ಈ ಕೋಲು ಉಪಯೋಗಕ್ಕೆ ಬಾರದು. ಅನೇಕ ಜೇಬಿನ ರೇಡಿಯೋಗಳಲ್ಲಿ ಶ್ರವಣಸಾಧನದ ತಂತಿಯೇ ಎಫ್.ಎಂ. ಏರಿಯಲ್ಲಿನ ಕೆಲಸವನ್ನೂ ಮಾಡುತ್ತದೆ. ಆದಕಾರಣ ಅದನ್ನು ಸುತ್ತಿಡದೆ ನೀಳವಾಗಿ ಬಿಡಬೇಕು.

ಉಪಸಂಹಾರ

ವಿಜ್ಞಾನದ ಗುರುಗಳು ಎರಡು ತರಗತಿಯ ಅವಧಿಯಲ್ಲಿ ಇಷ್ಟನ್ನೂ ವಿದ್ಯಾರ್ಥಿಗಳಿಂದ ಮಾಡಿಸಬಹುದು. ಓಮನ ನಿಯಮ, ಅಯಸ್ಕಾಂತದ ಗುಣ, ಶಬ್ದದ ಕಂಪನ, ತರಂಗದ ಉದ್ದ ಇವೆಲ್ಲ ಪಠ್ಯಪುಸ್ತಕದ ಪ್ರತ್ಯೇಕ ಅಧ್ಯಾಯಗಳು. ಈ ಸಣ್ಣ ಕೆಲಸದಲ್ಲಿ ಅವೆಲ್ಲ ಒಂದೇ ಮೇಜಿನ ಮೇಲೆ ಬಂದು ಕೂಡುತ್ತವೆ. ಉಚಿತ ಪ್ರಸಾದ ನಿಲಯದ ಒಂದೇ ಕೋಣೆಯಲ್ಲಿ ಒಬ್ಬನು ವಾರ್ತೆಯನ್ನೂ ಇನ್ನೊಬ್ಬನು ಪಾಠವನ್ನೂ ಪರಸ್ಪರ ಬಾಧೆಯಿಲ್ಲದೆ ಸಾಗಿಸಲು ಇದರಿಂದ ಅನುಕೂಲವಾದೀತು. ಓದುವ ಕಣ್ಣಿಲ್ಲದ ವಿದ್ಯಾರ್ಥಿಗೆ ಇದು ಪುಸ್ತಕಕ್ಕೆ ಸಮಾನ. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ತಮ್ಮ ಕಚೇರಿಗಳಲ್ಲಿ ಮೂಲೆಗೆ ಬಿದ್ದ ಶ್ರವಣಸಾಧನಗಳನ್ನು ಶಾಲೆಗೆ ಕಳುಹಿಸಿಕೊಟ್ಟರೆ, ಮಕ್ಕಳ ಕೈಯಿಂದ ಹೊಸ ಪಿನ್ನು ಪಡೆದು ಅವು ಊರಿನ ಪಡಸಾಲೆಗಳನ್ನು ಸೇರಬಲ್ಲವು. ಹಣದ ದಾನಕ್ಕಿಂತ ಇದು ಸಣ್ಣದೆಂದು ಯಾರೂ ಸಂಕೋಚಪಡಬೇಕಾಗಿಲ್ಲ.

‘ಕೇಳು’ ಎಂಬ ಧಾತುವಿನ ಎರಡನೆಯ ಅರ್ಥವನ್ನು ಈ ಜೋಡಣೆಯಲ್ಲಿ ಟೇಪು ಸುತ್ತಿ ಬದಿಗಿಟ್ಟದ್ದಾಯಿತು. ಆದರೆ ಅದು ನಿಜವಾಗಿ ಎಲ್ಲಿಯೂ ಹೋಗುವುದಿಲ್ಲ. ಬೆಳಗಿನ ವಾರ್ತೆಯನ್ನು ಪೂರ್ತಿಯಾಗಿ ಆಲಿಸಿದ ಹಿರಿಯರು ಶ್ರವಣಸಾಧನವನ್ನು ತೆಗೆದಿಟ್ಟು, ಶಾಲೆಗೆ ಹೊರಟ ಮೊಮ್ಮಗನನ್ನು ಕರೆದು, ಮಲಪ್ರಭೆಗೆ ಎಷ್ಟು ನೀರು ಬಂದಿತಂತೆ, ಹತ್ತಿಯ ಧಾರಣೆ ಏನಾಯಿತಂತೆ ಎಂದು ವಿಚಾರಿಸತೊಡಗುತ್ತಾರೆ. ಕೇಳಿಸಿಕೊಂಡವರು ಮಾತ್ರವೇ ಕೇಳಬಲ್ಲರು. ಬಹುದಿನ ಮೌನವಾಗಿದ್ದ ಮನೆಯ ಹಿರಿಯರೊಬ್ಬರು ಮತ್ತೆ ಪ್ರಶ್ನೆ ಕೇಳುವಂತಾದರೆ ಒಂದು ಪಿನ್ನಿಗೂ ಒಂದು ಗೇಣು ಬೆಸುಗೆಯ ತಂತಿಗೂ ಮಾಡಿದ ವೆಚ್ಚವು ಸಾರ್ಥಕವಾಯಿತೆಂದೇ ತಿಳಿಯಬೇಕು.